ಒಂದರ ಮೇಲೊಂದು ಉಡುವ ಸುಖ

ಒಳಗೆ ಬಿಳಿ ಖಾದಿ ಅಂಗಿ, ತೋಳು ಮುಂಗೈವರೆಗೂ. ಅದರ ಮೇಲೆ ಗುಳೇದಗುಡ್ಡ ಖಣದಲ್ಲಿ ಹೊಲಿಸಿದ ತೋಳಿಲ್ಲದ ಜಾಕೆಟ್ಟು, ಮೈಯೆಲ್ಲ ಗಾಢ ನೇರಳೆ, ಅಂಚು ಕುಂಕುಮಗೆಂಪು. ಕೆಳಗೆ ಒಂದು ದಿನ ಇಳಕಲ್ ಸೀರೆ, ಇನ್ನೊಂದು ದಿನ ಅಗಲ ಕಾಲಿನ ಹತ್ತಿ ಪ್ಯಾಂಟು, ಮತ್ತೊಂದು ದಿನ ಹಳೇ ಸೀರೆಯಲ್ಲಿ ಹೊಲಿಸಿದ ಉದ್ದ ಲಂಗ. ಚಳಿಯಿದ್ದರೆ ಹೆಗಲಿಗೆ ಕಸೂತಿ ಹಾಕಿದ ಶಾಲು. ಕೆಲವು ವರ್ಷಗಳಿಂದ ನಾನು ಹೆಚ್ಚುಕಮ್ಮಿ ಹೀಗೇ ಉಡುತ್ತಿದ್ದೇನೆ. ಬೆಳಿಗ್ಗೆ ಕಪಾಟಿನ ಬಾಗಿಲು ತೆಗೆದು, ಇವತ್ತು ಯಾವುದರ ಮೇಲೆ ಯಾವುದು ಅಂತ ಯೋಚಿಸುವಾಗ ಆಗುವ ಖುಷಿ ಇದೆಯಲ್ಲ, ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಉಡುವ ತೊಡುವ ಸಂತೋಷವನ್ನು ಹಗುರವಾಗಿ ಕಾಣುವವರೇ ಹೆಚ್ಚು. ಮೈಗೆ ತಾಗಿಕೊಂಡು ದಿನವಿಡೀ ಜೊತೆಗಿರುವ ವಸ್ತು ಬಟ್ಟೆ. ಅದರ ಸಂತೋಷ ಹಗುರವಾದದ್ದೆಂದು ನನಗೆ ಯಾವತ್ತೂ ಅನಿಸಿಲ್ಲ.

ಖಣದಿಂದಲೇ ಶುರು ಮಾಡುತ್ತೇನೆ. ನನ್ನ ಉಡುಗೆಯಲ್ಲಿ ಉಳಿದೆಲ್ಲದಕ್ಕೂ ನಂಟು ಬೆಸೆಯುವುದು ಅದೇ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಈ ಬಟ್ಟೆ ಹುಟ್ಟಿದ್ದೇ ಇನ್ನೊಂದು ಬಟ್ಟೆಯ ಜೊತೆಗಿರಲು. ನಮ್ಮ ಕಡೆ ಇಳಕಲ್ ಸೀರೆ ಅಂದರೆ ಅದಕ್ಕೆ ಖಣದ ಕುಪ್ಪಸ ಇರಲೇಬೇಕು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಖಣ ಇಡುತ್ತಾರೆ. ಅಂಗಡಿಗಳಲ್ಲಿ ಅದನ್ನು ಮೂರು ಮೂಲೆ ಬರುವ ಹಾಗೆ ಮಡಚಿ ಸಾಲಾಗಿ ಜೋಡಿಸಿರುತ್ತಾರೆ. ಬಿಡಿಸಿದರೆ ಎರಡೂ ಬದಿಗೆ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಬುಟ್ಟಾಗಳು. ತೇರು, ಆನೆ ಹೆಜ್ಜೆ ಅಂತ ಒಂದೊಂದಕ್ಕೆ ಒಂದೊಂದು ಹೆಸರು. ಎಷ್ಟೋ ಖಣಗಳಲ್ಲಿ ಹಾಸಿನ ಎಳೆಗೆ ಒಂದು ಬಣ್ಣ, ಹೊಕ್ಕಿನ ಎಳೆಗೆ ಇನ್ನೊಂದು. ಹಾಗಾಗಿ ನನ್ನ ನೇರಳೆ ಖಣ ಕಿಟಕಿಯ ಬೆಳಕಿಗೆ ಹಿಡಿದರೆ ನೀಲಿಯಾಗಿ ಕಾಣುತ್ತದೆ, ವಾರೆಯಾಗಿ ಹಿಡಿದರೆ ಕೆಂಪಾಗಿ ಕಾಣುತ್ತದೆ. ನೀಲಿ ಸೀರೆಯ ಮೇಲೂ ಒಪ್ಪುತ್ತದೆ, ಕೆಂಪಿನ ಮೇಲೂ ಒಪ್ಪುತ್ತದೆ. ಎರಡು ಬಣ್ಣ ಒಳಗಿಟ್ಟುಕೊಂಡ ಬಟ್ಟೆ ಯಾವುದರ ಜೊತೆಗೂ ಜಗಳವಾಡುವುದಿಲ್ಲ.

ಜಾಕೆಟ್ಟು ಹೊಲಿಸಿದ್ದು ಧಾರವಾಡದಲ್ಲಿ, ಅವ್ವನ ಮನೆ ಹತ್ತಿರದ ಟೇಲರ್ ಬಳಿ. ಖಣದ ಪನ್ನಾ ಕಿರಿದು, ಒಂದು ಮೀಟರೂ ಇರುವುದಿಲ್ಲ. ಕುಪ್ಪಸಕ್ಕೆ ಅಳೆದು ನೇಯ್ದ ಬಟ್ಟೆ ಅದು. ಸೊಂಟದ ಕೆಳಗೆ ಬರುವ ಜಾಕೆಟ್ಟಿಗೆ ಆ ಅಗಲ ಸಾಲದು.

“ಅಕ್ಕಾರ, ಇದರ ಪನ್ನಾ ಸಣ್ಣದೈತಿ. ಬೆನ್ನಾಗ ಒಂದ ಜೋಡ ಬರತೈತಿ ನೋಡ್ರಿ” ಅಂದರು ಅವರು, ಬಟ್ಟೆಯನ್ನು ಮೇಜಿನ ಮೇಲೆ ಹರವಿ.

“ಬರಲಿ ಬಿಡ್ರಿ. ದಡಿ ಮುಚ್ಚಿ ಹೋಗಬಾರದು ಅಷ್ಟ.”

ಅವರು ಸ್ವಲ್ಪ ಹೊತ್ತು ಚಾಕ್‌ಪೀಸು ಹಿಡಿದುಕೊಂಡು ಸುಮ್ಮನೆ ನೋಡಿದರು. ಆಮೇಲೆ ಎರಡು ತುಂಡುಗಳ ಅಂಚನ್ನು ಬೆನ್ನಿನ ನಡುವೆ ಪಕ್ಕಪಕ್ಕ ತಂದಿಟ್ಟರು. ಜೋಡು ಬರಲೇಬೇಕಾದ ಕಡೆ ಕುತ್ತಿಗೆಯಿಂದ ಕೆಳಗಿನವರೆಗೆ ಎರಡು ಕೆಂಪು ಪಟ್ಟಿ ನೇರವಾಗಿ ಇಳಿದವು. ಮೊದಲೇ ಯೋಚಿಸಿ ಮಾಡಿದ ವಿನ್ಯಾಸ ಅಂತಲೇ ಎಲ್ಲರೂ ತಿಳಿಯುತ್ತಾರೆ. ಪನ್ನಾ ಸಾಲದೆ ಬಂದ ಚೆಲುವು ಅದು. ಕೊಡುವಾಗ ಒಳಬದಿ ತಿರುವಿ ತೋರಿಸಿದರು. “ಬಗಲಾಗ ಎರಡ ಬಟ್ಟ ಮಾರ್ಜಿನ್ ಬಿಟ್ಟೀನ್ರಿ. ಮುಂದ ಬೇಕಾದ್ರ ಬಿಚ್ಚಕೊಳ್ರಿ.”

ಆ ಎರಡು ಬೆರಳಿನ ಮಾರ್ಜಿನ್ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಹಳೆಯ ಉಡುಪುಗಳಲ್ಲಿ ಜಾಗ ಇರುತ್ತಿತ್ತು. ಕುಪ್ಪಸದ ಬಗಲಲ್ಲಿ ಬಿಚ್ಚಿಕೊಳ್ಳುವಷ್ಟು ಬಟ್ಟೆ, ಲಂಗದ ಕೆಳಗೆ ವರ್ಷವರ್ಷ ಇಳಿಸಿಕೊಳ್ಳಲು ಹಾಕಿದ ಮಡಿಕೆ, ಸೀರೆಯಲ್ಲಂತೂ ನೆರಿಗೆ ತುಂಬ ಜಾಗವೇ. ಬಸುರಿ, ಬಾಣಂತಿ, ಮೈ ಇಳಿದವರು, ಮೈ ತುಂಬಿದವರು ಎಲ್ಲರೂ ಅದೇ ಸೀರೆಯನ್ನು ಉಡಬಹುದು. ಈಗಿನ ರೆಡಿಮೇಡ್ ಉಡುಪನ್ನು ಒಳಬದಿ ತಿರುವಿ ನೋಡಿ. ಹೊಲಿಗೆಯ ಆಚೆ ಕಾಲು ಇಂಚೂ ಇರುವುದಿಲ್ಲ, ಅದೂ ಓವರ್‌ಲಾಕ್‌ನಲ್ಲಿ ಕತ್ತರಿಸಿ ಹೋಗಿರುತ್ತದೆ. ಆ ಅಳತೆಗೆ ನಾವು ಸರಿಹೋಗಬೇಕು, ಇಲ್ಲವಾದರೆ ಅದನ್ನು ಬಿಡಬೇಕು. ಮೈಗೂ ಬಟ್ಟೆಗೂ ನಡುವೆ, ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ಒಂದಿಷ್ಟು ಸಡಿಲ ಇದ್ದರೆ ಮಾತ್ರ ಒಂದರ ಮೇಲೊಂದು ಹಾಕಿಕೊಳ್ಳಲು ಬರುತ್ತದೆ. ಹಳೆಯ ಮಾದರಿಯ ಉಡುಪು ನನಗೆ ಇಷ್ಟವಾಗುವುದು ಅದರ ವಯಸ್ಸಿಗಾಗಿ ಅಷ್ಟಿಲ್ಲ, ಈ ಸಡಿಲಕ್ಕಾಗಿ. ಅದರೊಳಗೆ ಕೈ ಎತ್ತಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಹಬ್ಬದ ದಿನ ಎರಡು ಹೋಳಿಗೆ ಜಾಸ್ತಿ ತಿನ್ನಬಹುದು.

ಇಳಕಲ್ ಸೀರೆಯ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹೀಗೆ ಕೂಡಿಸುವುದರಿಂದ ಉದ್ದಾನುದ್ದ ಹಾಸು ಹೂಡಿ ಸಾಲಾಗಿ ಹತ್ತಾರು ಸೀರೆ ನೇಯಲು ಬರುವುದಿಲ್ಲ, ಒಂದು ಸೀರೆಯ ಅಳತೆಗೆ ಒಂದು ಹಾಸು. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಬರುವ ಆಕಾರಗಳನ್ನು ಹತ್ತಿರದಿಂದ ನೋಡಿದರೆ ಬಾಚಣಿಗೆಯ ಹಲ್ಲು ಕಾಣುತ್ತದೆ, ಕೋಟೆಯ ತೆನೆ ಕಾಣುತ್ತದೆ, ಜೋಳದ ತೆನೆ ಕಾಣುತ್ತದೆ. ಎರೆಭೂಮಿಯ ಜನ ಕಣ್ಣೆದುರು ಕಂಡದ್ದನ್ನೇ ಸೆರಗಿಗೆ ತಂದರು ಅನ್ನಿಸುತ್ತದೆ. ಹತ್ತಿ ಒಡಲು ಮೈಗೆ ತಣ್ಣಗಿರುತ್ತದೆ, ಬೆವರು ಹೀರುತ್ತದೆ. ಎಲ್ಲರ ಕಣ್ಣಿಗೆ ಬೀಳುವ ಕಡೆ ಮಾತ್ರ ರೇಷ್ಮೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ. ಎಲ್ಲಿ ದುಡಿಮೆಯೋ ಅಲ್ಲಿ ಹತ್ತಿ, ಎಲ್ಲಿ ಮೆರುಗೋ ಅಲ್ಲಿ ರೇಷ್ಮೆ.

ನಾನು ಇಳಕಲ್ ಉಡುವುದು ಅಜ್ಜಿಯ ಹಾಗೆ ಕಚ್ಚೆ ಹಾಕಿ ಅಲ್ಲ. ಆರು ಗಜದ ಸೀರೆಯನ್ನು ಖಾದಿ ಅಂಗಿಯ ಮೇಲೆ ಉಟ್ಟು, ಸೆರಗನ್ನು ಅಗಲವಾಗಿ ಬಿಟ್ಟು, ಅದರ ಮೇಲೆ ಖಣದ ಜಾಕೆಟ್ಟು ಹಾಕುತ್ತೇನೆ. ಸೆರಗು ಜಾಕೆಟ್ಟಿನ ಒಳಗಿಂದ ಹಿಂದೆ ಇಳಿಯುತ್ತದೆ. ಹಾಗೆ ಉಟ್ಟರೆ ಬಸ್ಸು ಹತ್ತಿ ಇಳಿಯುವಾಗ ಸೆರಗು ಸಿಕ್ಕಿಹಾಕಿಕೊಳ್ಳುವ ಚಿಂತೆಯಿಲ್ಲ, ಪಿನ್ನಿನ ಗೊಡವೆಯೂ ಇಲ್ಲ. ಅಂಗಿಯ ಕಾಲರು ಜಾಕೆಟ್ಟಿನ ಕೊರಳಿನಿಂದ ಸ್ವಲ್ಪ ಕಾಣುತ್ತಿರಬೇಕು. ಕಡು ಬಣ್ಣಗಳ ನಡುವೆ ಆ ಒಂದಿಷ್ಟು ಬಿಳಿ ಮುಖಕ್ಕೆ ಬೆಳಕು ಕೊಡುತ್ತದೆ.

ಹೀಗೆ ಸೀರೆಯ ಜೊತೆ ಅಂಗಿ, ಜಾಕೆಟ್ಟು ಅಂತ ಒಂದರ ಮೇಲೊಂದು ಹಾಕುವುದನ್ನು ಹೊಸ ಕಾಲದ ಫ್ಯಾಶನ್ ಅನ್ನುವವರು ಸಿಗುತ್ತಾರೆ. ನೂರು ವರ್ಷ ಹಿಂದಿನ ಸ್ಟುಡಿಯೋ ಫೋಟೋಗಳನ್ನು ನೋಡಿದರೆ ಆ ಮಾತು ಸರಿಯಲ್ಲ ಅಂತ ತಿಳಿಯುತ್ತದೆ. ಮುಂಗೈವರೆಗೆ ತೋಳು, ಕತ್ತಿನ ಸುತ್ತ ಲೇಸು, ಭುಜದ ಹತ್ತಿರ ಪಫ್, ಅದರ ಮೇಲೆ ಜರಿಯ ಸೀರೆ, ಅದರ ಮೇಲೆ ಶಾಲು. ಪಕ್ಕದಲ್ಲಿ ನಿಂತ ಯಜಮಾನರು ಕಚ್ಚೆ ಪಂಚೆಯ ಮೇಲೆ ಮುಚ್ಚುಗೊರಳಿನ ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಶಲ್ಯ ಇಳಿಬಿಟ್ಟಿರುತ್ತಾರೆ. ಬ್ಲೌಸು, ಒಳಲಂಗ ಹಾಕಿ ಸೀರೆ ಉಟ್ಟು ಹೊರಗೆ ಓಡಾಡುವ ಪದ್ಧತಿಯನ್ನು ಬಂಗಾಳದ ಮನೆಗಳಲ್ಲಿ ಬೆಳೆಸಿದವರಲ್ಲಿ ಮುಖ್ಯರಾದವರು ಜ್ಞಾನದಾನಂದಿನಿ ದೇವಿ. ಗಂಡ ಸತ್ಯೇಂದ್ರನಾಥ ಟಾಗೋರ್ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ನಾಗರಿಕ ಸೇವೆ, ಸೇರಿದ ಮೊದಲ ಭಾರತೀಯ. ಅವರ ಜೊತೆ 1860ರ ದಶಕದಲ್ಲಿ ಮುಂಬೈಗೆ ಹೋದಾಗ ಅಲ್ಲಿನ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ತಮಗೆ ಬೇಕಾದ ಹಾಗೆ ಬದಲಿಸಿಕೊಂಡು ಉಟ್ಟರು, ಬೇರೆಯವರಿಗೂ ಕಲಿಸಿದರು. ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಇವತ್ತು ಸಂಪ್ರದಾಯ ಅಂತ ನಾವು ಅಂದುಕೊಳ್ಳುವ ಬ್ಲೌಸು-ಸೀರೆಯ ಹಿಂದೆ ಹೀಗೆ ಊರೂರು ನೋಡಿ, ಬೇಕಾದ್ದನ್ನು ಆರಿಸಿ ಕೂಡಿಸಿಕೊಂಡ ಹೆಂಗಸರ ಧೈರ್ಯ ಇದೆ. ನಾನು ಇಳಕಲ್ ಕೆಳಗೆ ಕಾಲರಿನ ಅಂಗಿ ಹಾಕುವಾಗ ಆ ಸಾಲಿನಲ್ಲೇ ಇದ್ದೇನೆ ಅನ್ನುವ ಹೆಮ್ಮೆ ನನಗುಂಟು.

ಗಂಡಸರ ಉಡುಪಿನಲ್ಲಿ ನನಗೆ ತುಂಬ ಇಷ್ಟವಾದದ್ದು ಕೊಡವರ ಕುಪ್ಯ. ಒಳಗೆ ತುಂಬುತೋಳಿನ ಬಿಳಿ ಅಂಗಿ, ಮೇಲೆ ಮೊಣಕಾಲಿನವರೆಗೆ ಬರುವ ಕಪ್ಪು ಕುಪ್ಯ. ಕುಪ್ಯದ ತೋಳು ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ಅಂಗಿಯ ಬಿಳಿ ತೋಳು ಹೊರಗೆ ಎದ್ದು ಕಾಣುತ್ತದೆ. ಮುಂದೆ ಒಂದು ಮಗ್ಗುಲನ್ನು ಇನ್ನೊಂದರ ಮೇಲೆ ತಂದು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಅದಕ್ಕೆ ಪೀಚೆಕತ್ತಿ ಸಿಕ್ಕಿಸುತ್ತಾರೆ. ಗುಂಡಿಯ ಹಂಗಿಲ್ಲ. ಮದುವೆಯ ದಿನ ಮದುಮಗನಿಗೆ ಅದೇ ಕುಪ್ಯ ಬಿಳಿಯದು. ಒಳ ಉಡುಪಿನ ತೋಳು ಹೊರಗಿನದಕ್ಕಿಂತ ಉದ್ದವಿದ್ದರೆ ಎಷ್ಟು ಚೆಂದ ಅನ್ನುವುದನ್ನು ನಾನು ಕಲಿತಿದ್ದು ವಿರಾಜಪೇಟೆಯ ಒಂದು ಮದುವೆಯಲ್ಲಿ, ಈ ಕುಪ್ಯಗಳ ಸಾಲನ್ನು ನೋಡುತ್ತ ನಿಂತು.

ಬೆಂಗಳೂರಿನ ಹವೆಗೆ ಈ ಉಡುಗೆ ಹೇಳಿ ಮಾಡಿಸಿದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಡಿಸೆಂಬರ್ ಬೆಳಗಿನಲ್ಲಿ ಶಾಲು ಬೇಕು, ಮಧ್ಯಾಹ್ನ ಬಿಸಿಲಿಗೆ ಅಂಗಿಯೇ ಸಾಕು, ಆಫೀಸಿನ ಒಳಗೆ ಏಸಿ ಕೊರೆಯುತ್ತದೆ, ಸಂಜೆ ಮಳೆ ಬಂದರೂ ಬಂತು. ದಪ್ಪ ಸ್ವೆಟರು ಒಂದನ್ನೇ ಹಾಕಿಕೊಂಡರೆ ಬೇಕು ಅಥವಾ ಬೇಡ ಅನ್ನುವ ಎರಡೇ ದಾರಿ. ತೆಳುವಾದವನ್ನು ಮೂರು ಹಾಕಿಕೊಂಡರೆ ಒಂದೊಂದಾಗಿ ತೆಗೆಯಬಹುದು, ಮತ್ತೆ ಹಾಕಬಹುದು. ಪದರುಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದರಿಂದ ಮೂರು ತೆಳು ಬಟ್ಟೆ ಒಂದು ದಪ್ಪ ಬಟ್ಟೆಗಿಂತ ಕಡಿಮೆಯೇನಲ್ಲ. ಮೈಗೆ ತಾಗುವುದು ಹತ್ತಿಯೇ ಆಗಿರಬೇಕು ಅನ್ನುವ ಒಂದು ನಿಯಮ ಮಾತ್ರ ನಾನು ಬಿಡುವುದಿಲ್ಲ. ಮೇಲಿನ ಖಣವನ್ನೂ ರೇಷ್ಮೆಯನ್ನೂ ಪ್ರತಿಸಲ ಒಗೆಯಬೇಕಾಗಿಲ್ಲ. ಬೆವರು ಕುಡಿಯುವ ಒಳಗಿನ ಅಂಗಿ ದಿನಾ ನೀರಿಗೆ ಬೀಳುತ್ತದೆ, ಮೇಲಿನವನ್ನು ನೆರಳಿನಲ್ಲಿ ಗಾಳಿಗೆ ಹಾಕಿದರಾಯಿತು. ಹಾಗೆ ಉಟ್ಟ ಖಣ ವರ್ಷಗಟ್ಟಲೆ ಬಾಳುತ್ತದೆ.

ಖಾದಿ ನಾನು ಕೊಳ್ಳುವುದು ಹುಬ್ಬಳ್ಳಿಗೆ ಹೋದಾಗ. ಅಲ್ಲಿನ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘವಿದೆ, ಸ್ಥಾಪನೆಯಾದದ್ದು 1957ರಲ್ಲಿ. ಹೊಸ ಖಾದಿ ಮೊದಮೊದಲು ಒರಟು, ಕಾಲರು ಕತ್ತಿಗೆ ತಿಕ್ಕುತ್ತದೆ. ಒಗೆದಷ್ಟೂ ಮೆತ್ತಗಾಗುತ್ತ ಹೋಗುತ್ತದೆ. ಕೆಲವು ತಿಂಗಳಾದ ಮೇಲೆ ಅದಕ್ಕೆ ನಮ್ಮ ಮೈಯ ಗುರುತು ಸಿಕ್ಕಿರುತ್ತದೆ. ಮೊಣಕೈ ಮಡಚುವಲ್ಲಿ, ಬಗಲಲ್ಲಿ ಅದು ತಾನಾಗಿ ಒಲಿದು ಬರುತ್ತದೆ. ಮೈಸೂರಿನ ಗೆಳತಿಯೊಬ್ಬಳು ಮೇಲಿನ ಪದರಿಗೆ ತಾಯಿಯ ಹಳೇ ಮೈಸೂರು ಸಿಲ್ಕ್ ಬಳಸುತ್ತಾಳೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಆ ಕ್ರೇಪ್ ರೇಷ್ಮೆಯ ನೂಲನ್ನು ಬಿಗಿಯಾಗಿ ತಿರುಚಿ ನೇಯುವುದರಿಂದ ಅದು ಉಬ್ಬಿ ನಿಲ್ಲದೆ ಇಳಿಬಿದ್ದು ಕೂರುತ್ತದೆ. ಹರಿದ ಭಾಗ ಬಿಟ್ಟು ಉಳಿದದ್ದರಲ್ಲಿ ಅವಳು ಉದ್ದನೆಯ ತೆರೆದ ಕೋಟು ಹೊಲಿಸಿದ್ದಾಳೆ, ಜರಿ ಅಂಚು ಮುಂದೆ ಎರಡು ಬದಿಗೆ ನೇರ ಇಳಿಯುತ್ತದೆ. ಸಾದಾ ಹತ್ತಿ ಕುರ್ತಾದ ಮೇಲೆ ಅದನ್ನು ಹಾಕಿಕೊಂಡು ಬಂದರೆ ಕಣ್ಣು ಕೀಳಲು ಆಗುವುದಿಲ್ಲ.

ಇನ್ನು ಕಸೂತಿ ಶಾಲು. ನಮ್ಮ ಧಾರವಾಡ ಕಡೆಯ ಈ ಸೂಜಿ ಕೆಲಸದಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹಿಂಬದಿಗೆ ಗಂಟು ಬರುವಂತಿಲ್ಲ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ತುಂಬುತ್ತ ಹೋಗಿ, ಬಿಟ್ಟ ಜಾಗಗಳನ್ನು ವಾಪಸು ಬರುತ್ತ ತುಂಬುತ್ತದೆ. ಹಾಗಾಗಿ ಮೇಲೂ ಕೆಳಗೂ ಒಂದೇ ಚಿತ್ರ. ನನ್ನ ಶಾಲು ಗವಂತಿ ಮತ್ತು ಮುರ್ಗಿಯಲ್ಲೇ ಹಾಕಿದ್ದು: ಕಪ್ಪು ಹತ್ತಿಯ ಮೇಲೆ ಬಿಳಿ, ಹಸಿರು, ಕಿತ್ತಳೆ ಬಣ್ಣದ ಗೋಪುರ, ತೇರು, ತುಳಸಿ ಕಟ್ಟೆ. ಎರಡೂ ಮಗ್ಗುಲು ಒಂದೇ ಆದ್ದರಿಂದ ಅದನ್ನು ಹೇಗೆ ಬೇಕಾದರೂ ಹೊದೆಯಬಹುದು, ಸುತ್ತಬಹುದು, ಇಳಿಬಿಡಬಹುದು. ಗಾಳಿಗೆ ಮಗುಚಿಕೊಂಡರೂ ಹಿಂಬದಿ ಅನ್ನುವುದೇ ಇಲ್ಲ. ಮೆಟ್ರೋದಲ್ಲಿ ಒಮ್ಮೆ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಅದರ ತುದಿಯನ್ನು ಹಿಡಿದು, ತಿರುಗಿಸಿ ನೋಡಿ, “ಯಾರ ಹಾಕ್ಯಾರ್ವಾ ಇದನ್ನ?” ಅಂತ ಕೇಳಿದರು. ಅವರಿಗೆ ಕಣ್ಣು ಹೋದದ್ದು ಮೊದಲು ಹಿಂಬದಿಗೇ. ಕಸೂತಿ ಬಲ್ಲವರ ಗುರುತು ಅದು. ಇಳಿಯುವ ನಿಲ್ದಾಣ ಬರುವವರೆಗೂ ಇಬ್ಬರೂ ಧಾರವಾಡದ ಮಾತಾಡಿದೆವು.

ಈ ನಡುವೆ ಖಣಕ್ಕೆ ಬೇಡಿಕೆ ಬಂದಿದೆ, ಒಳ್ಳೆಯದೇ. ಅದರ ಬೆನ್ನಿಗೇ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಖಣದ ಬುಟ್ಟಾ ಅಚ್ಚು ಹಾಕಿ, ವಿಂಟೇಜ್ ಅಂತ ಹಣೆಪಟ್ಟಿ ಹಚ್ಚಿ ಮಾರುವುದೂ ಬಂದಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ದುಡ್ಡಿನ ವಿಷಯಕ್ಕಿಂತ, ಅದನ್ನು ಕೊಂಡು ಹಾಕಿಕೊಂಡವರಿಗೆ ಖಣದ ಸುಖವೇ ತಿಳಿಯದೆ ಹೋಗುತ್ತದಲ್ಲ ಅನ್ನುವುದು ನನ್ನ ಸಂಕಟ. ಪಾಲಿಯೆಸ್ಟರ್ ಒಳಗೆ ಬೆವರು ನಿಲ್ಲುತ್ತದೆ, ಮೇಲೊಂದು ಹಾಕಿದರೆ ಜಾರುತ್ತದೆ, ಅಂಟುತ್ತದೆ. ಕೊಳ್ಳುವ ಮೊದಲು ಹಿಂಬದಿ ತಿರುವಿ ನೋಡುವುದು ಒಳ್ಳೆಯದು. ನೇಯ್ದ ಬುಟ್ಟಾದ ಎಳೆಗಳು ಹಿಂದೆ ಹಾಯ್ದು ಹೋಗಿರುವುದು ಬೆರಳಿಗೆ ತಿಳಿಯುತ್ತದೆ. ಅಚ್ಚು ಹಾಕಿದ್ದಕ್ಕೆ ಹಿಂದೆ ಬರೀ ಮಸಕು ಬಣ್ಣ. ಗುಳೇದಗುಡ್ಡ ಖಣಕ್ಕೂ ಇಳಕಲ್ ಸೀರೆಗೂ ಜಿಐ, ಅಂದರೆ ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆ ಗುರುತು ಕೇಳಿ ಪಡೆಯಬಹುದು. ಜನವರಿ ಸುಮಾರಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವವರಿದ್ದರೆ ಗುಳೇದಗುಡ್ಡ ಅಲ್ಲಿಂದ ದೂರವಿಲ್ಲ. ಮಗ್ಗದ ಎದುರು ನಿಂತು ನೋಡಿ ಕೊಂಡ ಖಣವನ್ನು ಉಡುವ ಸುಖ ಬೇರೆಯೇ.

ಹಳೇ ಬಟ್ಟೆಯನ್ನು ಕಾಪಾಡುವುದಕ್ಕೂ ಒಂದು ಪ್ರೀತಿ ಬೇಕು. ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತರೆ ಆ ಗೆರೆಯಲ್ಲೇ ಸೀಳುತ್ತದೆ. ಅದಕ್ಕೆ ಆಗಾಗ ತೆಗೆದು, ಗಾಳಿಯಾಡಿಸಿ, ಮಡಿಕೆ ಬದಲಿಸಿ ಇಡಬೇಕು. ಅವ್ವ ಟ್ರಂಕಿನಲ್ಲಿ ಲಾವಂಚದ ಬೇರು ಇಡುತ್ತಿದ್ದಳು, ನಾನೂ ಅದನ್ನೇ ಇಡುತ್ತೇನೆ. ಒಡಲು ಜೀರ್ಣವಾದ ಸೀರೆಯ ಸೆರಗು ಇನ್ನೂ ಗಟ್ಟಿ ಇರುತ್ತದೆ, ಅದು ಜಾಕೆಟ್ಟಿಗಾಗುತ್ತದೆ. ಅಂಚು ಕುರ್ತಾದ ತೋಳಿಗೆ ಬರುತ್ತದೆ. ಕೊನೆಗೆ ಏನೂ ಆಗದ ತುಂಡುಗಳು ಕೌದಿಗೆ. ಹಲವು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸುತ್ತಲಿಂದ ಒಳಕ್ಕೆ ದಾರ ಎಳೆಯುತ್ತ ಬರುವ ಕೌದಿ. ನಮ್ಮ ಮನೆಯ ಒಂದು ಕೌದಿಯಲ್ಲಿ ಅಜ್ಜಿಯ ಚಂದ್ರಕಾಳಿ ಸೀರೆಯ ಕಪ್ಪು ಇದೆ, ಅತ್ತೆಯ ಮದುವೆಯ ಹಸಿರಿದೆ, ನನ್ನ ಶಾಲೆಯ ಲಂಗದ ಚೌಕುಳಿ ಇದೆ. ಈಗ ಕೌದಿ ಹೊಲಿಗೆಯ ಜಾಕೆಟ್ಟುಗಳೂ ಬಂದಿವೆ. ಹಾವೇರಿ, ಹಳಿಯಾಳದ ಕಡೆ ಕೌದಿ ಹೊಲಿಯುವ ಹೆಂಗಸರ ಕೈಗೆ ಅದರ ಕೆಲಸ, ಕೂಲಿ ಸರಿಯಾಗಿ ಸೇರುವುದಾದರೆ ನಾನು ಮೊದಲು ಕೊಳ್ಳುತ್ತೇನೆ.

ಕಳೆದ ದಸರಾ ರಜೆಗೆ ಬಂದಿದ್ದ ಅಣ್ಣನ ಮಗಳು ನನ್ನ ಕಪಾಟು ತೆಗೆದು ಕೂತಳು. ಕಾಲೇಜು ಓದುವ ಹುಡುಗಿ, ನನಗಿಂತ ಎತ್ತರ, ನನಗಿಂತ ತೆಳ್ಳಗೆ. “ಅತ್ತಿ, ಇದನ್ನ ಹಾಕ್ಕೊಳ್ಲೇನು?” ಅಂತ ನೇರಳೆ ಜಾಕೆಟ್ಟು ಎತ್ತಿಕೊಂಡಳು. ಜೀನ್ಸು, ಮೇಲೆ ಬೂದು ಬಣ್ಣದ ಟೀ ಶರ್ಟು, ಅದರ ಮೇಲೆ ನನ್ನ ಖಣ. ಸಡಿಲವಾಗುತ್ತದೆ ಅಂತ ನಾನು ಅನ್ನುವಷ್ಟರಲ್ಲಿ ನನ್ನ ಕಸೂತಿ ಶಾಲನ್ನು ಉದ್ದಕ್ಕೆ ಮಡಚಿ ಸೊಂಟಕ್ಕೆ ಸುತ್ತಿ, ಬದಿಗೆ ಒಂದು ಗಂಟು ಹಾಕಿದಳು. ಬೆನ್ನಿನ ಎರಡು ಕೆಂಪು ಪಟ್ಟಿ ನೆಟ್ಟಗೆ ನಿಂತವು. ಶಾಲನ್ನು ಸೊಂಟಕ್ಕೆ ಕಟ್ಟುವ ಯೋಚನೆ ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಸಂಜೆ ಪೇಟೆಗೆ ಅದನ್ನೇ ಹಾಕಿಕೊಂಡು ಹೋದಳು, ವಾಪಸು ಬಂದವಳು ಕೊಡುವ ಮಾತೇ ಆಡಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಜಾಕೆಟ್ಟಿಗೆ ಹಸಿರು ಖಣ ತಂದಿಟ್ಟಿದ್ದೇನೆ. ಈ ಸಲ ಗುಂಡಿ ಬೇಡ, ಕುಪ್ಯದ ಹಾಗೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬಂದು ಕಸೆ ಕಟ್ಟುವ ಹಾಗಿರಲಿ, ಮಾರ್ಜಿನ್ ಮೂರು ಬಟ್ಟು ಇರಲಿ ಅಂತ ಟೇಲರಿಗೆ ಫೋನು ಮಾಡಿ ಹೇಳಿಯಾಗಿದೆ. “ಬಟ್ಟಿ ಕಳಸ್ರಿ ಅಕ್ಕಾರ, ನೋಡ್ತೀನಿ” ಅಂದಿದ್ದಾರೆ.